ತಂಗಳು ಮುದ್ದೆಯಲ್ಲಿ ತಿಂಗಳ ಲೆಕ್ಕ

ಅಕ್ಕನ ಮಗಳು ಐದನೇ ಕ್ಲಾಸು. ಹೋದ ಬೇಸಿಗೆ ರಜೆಗೆ ಕೋಲಾರಕ್ಕೆ ಬಂದಿದ್ದಳು. ಒಂದು ಬೆಳಿಗ್ಗೆ ಒಂಬತ್ತು ಗಂಟೆ ಹೊತ್ತು. ಮಹಡಿ ಮೇಲೆ ಅಮ್ಮ ಸಂಡಿಗೆ ಇಡುತ್ತಿದ್ದರು. ಕಾಗೆ ಓಡಿಸುವ ಕೆಲಸ ಇವಳದು. ಅಲ್ಲಿಂದಲೇ ಕೂಗಿದಳು: "ಮಾಮ, ಚಂದ್ರ ಮನೆಗೆ ಹೋಗೋದು ಮರೆತಿದ್ದಾನೆ, ಬಾ!"

ಹೋಗಿ ನೋಡಿದೆ. ಅಂತರಗಂಗೆ ಬೆಟ್ಟಕ್ಕಿಂತ ಸಾಕಷ್ಟು ಮೇಲೆ, ತಿಳಿ ನೀಲಿಯಲ್ಲಿ, ಕೊಬ್ಬರಿ ಹೋಳಿನ ಹಾಗೆ ಅರ್ಧ ಚಂದ್ರ. ಉಳಿದರ್ಧ ಎಲ್ಲಿ ಎಂದು ಕೇಳಿದಳು. ನಾನು ದೊಡ್ಡವನ ಗತ್ತಿನಲ್ಲಿ "ಅದರ ಮೇಲೆ ಭೂಮಿ ನೆರಳು ಬಿದ್ದಿದೆ ಪುಟ್ಟಿ" ಅಂದೆ. ಅವಳು ನೆಲದ ಮೇಲೆ ಉದ್ದಕ್ಕೆ ಬಿದ್ದಿದ್ದ ತನ್ನ ನೆರಳನ್ನು ನೋಡಿದಳು. ಆಮೇಲೆ ಚಂದ್ರನನ್ನು ನೋಡಿದಳು. "ನೆರಳು ಕೆಳಗೆ ಬಿದ್ದಿದೆ, ಚಂದ್ರ ಮೇಲಿದ್ದಾನೆ. ಹೇಗೆ ಸಿಗುತ್ತೆ ಮಾಮ?"

ನನ್ನ ಬಾಯಿ ಕಟ್ಟಿತು. ಅವಳು ಹೇಳಿದ್ದೇ ಸರಿ. ಹಗಲಲ್ಲಿ ಭೂಮಿಯ ನೆರಳು ನಮ್ಮ ಕಾಲಡಿಯಿಂದ ಆಚೆ, ಸೂರ್ಯನಿಗೆ ಬೆನ್ನು ಮಾಡಿ ಹೋಗುತ್ತದೆ. ತಲೆ ಮೇಲಿರುವ ಚಂದ್ರನಿಗೆ ಅದು ತಾಗುವ ಮಾತೇ ಇಲ್ಲ. ನನ್ನ ಹಾಗೆ ಡಿಗ್ರಿ ಮುಗಿಸಿದ ಎಷ್ಟೋ ಜನ ಈ ನೆರಳಿನ ಕತೆಯನ್ನೇ ನಂಬಿಕೊಂಡಿದ್ದಾರೆ. ಚಂದ್ರ ಬೆಳೆಯುವುದಕ್ಕೂ ಕರಗುವುದಕ್ಕೂ ಭೂಮಿಯ ನೆರಳು ಕಾರಣವಲ್ಲ. ನೆರಳು ಬೀಳುವುದು ಗ್ರಹಣದ ದಿನ ಮಾತ್ರ.

ಆವತ್ತಿನಿಂದ ಒಂದು ತಿಂಗಳು ನಾವಿಬ್ಬರೂ ಸೇರಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವೂ ಮಾಡಬಹುದು. ಟೆಲಿಸ್ಕೋಪ್ ಬೇಡ, ಮೊಬೈಲ್ ಆ್ಯಪ್ ಬೇಡ.

ಹೆಸರಿನ ವಿಷಯ ಒಂದು ಹೇಳಿಬಿಡುತ್ತೇನೆ. ಚಂದ್ರ ಹೀಗೆ ಬೆಳೆದು ಕರಗುವ ಆಕಾರಕ್ಕೆ ಇಂಗ್ಲಿಷಿನಲ್ಲಿ ಚಂದ್ರನ 'ಫೇಸ್' ಅಂತಾರೆ. ನಮ್ಮ ಕಡೆ ಫೇಸ್ ಅಂದರೆ ತ್ರೀ ಫೇಸ್ ಕರೆಂಟು, ಮೋಟರ್ ಹಾಕೋಕೆ ರಾತ್ರಿ ಎದ್ದು ಹೋಗುವುದು. ಕನ್ನಡದಲ್ಲಿ ಚಂದ್ರನ ಕಲೆ ಅನ್ನುತ್ತೇವೆ. ಅದಕ್ಕಿಂತ ನನಗೆ ಇಷ್ಟವಾದದ್ದು 'ತಿಂಗಳು' ಎಂಬ ಮಾತು. ತಿಂಗಳು ಅಂದರೆ ಚಂದ್ರ, ತಿಂಗಳು ಅಂದರೆ ಮೂವತ್ತು ದಿನ. ಬೆಳ್ಳಗಿನ ತಿಂಗಳು ಬೆಳದಿಂಗಳು. ಆಕಾಶದಲ್ಲಿ ಇರುವವನೂ ಸಂಬಳದ ಲೆಕ್ಕವೂ ನಮಗೆ ಒಂದೇ ಮಾತು.

ಬೇಕಾದ ಸಾಮಾನು

ತಿಥಿ ಬರೆದಿರುವ ಗೋಡೆ ಕ್ಯಾಲೆಂಡರ್ ಒಂದು. ಅಡುಗೆಮನೆ ಬಾಗಿಲ ಹಿಂದೆ, ಹಾಲಿನ ಲೆಕ್ಕ ಬರೆದುಕೊಂಡಿರುವಂಥದ್ದೇ ಸಾಕು. ಒಂದು ನೋಟ್‌ಬುಕ್ಕು, ಪೆನ್ಸಿಲ್ಲು. ಪೂರ್ವ ಪಶ್ಚಿಮ ಎರಡೂ ಬಿಚ್ಚಾಗಿ ಕಾಣುವ ಜಾಗ. ಹಳ್ಳಿಯವರಿಗೆ ಕೆರೆ ಏರಿ ಇದೆ, ಪೇಟೆಯವರಿಗೆ ಮಹಡಿ. ನಮ್ಮ ಜಿಲ್ಲೆಗಳಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಆಕಾಶ ಚೊಕ್ಕವಾಗಿರುತ್ತದೆ. ಮುಂಗಾರಿನಲ್ಲಿ ಶುರು ಮಾಡಿದರೆ ಅರ್ಧ ದಿನ ಮೋಡವನ್ನೇ ಬರೆದುಕೊಳ್ಳಬೇಕಾಗುತ್ತದೆ.

ಇನ್ನೊಂದು ಸಾಮಾನು: ರಾತ್ರಿ ಮಿಕ್ಕಿದ ರಾಗಿಮುದ್ದೆ.

ಮೊದಲು ಮುದ್ದೆ

ಆಕಾಶ ನೋಡುವ ಮುಂಚೆ ಮನೆಯೊಳಗೆ ಹತ್ತು ನಿಮಿಷ ಕಳೆಯಿರಿ. ತಂಗಳು ಮುದ್ದೆಯಿಂದ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಪೆನ್ಸಿಲ್ಲಿಗೆ ಚುಚ್ಚಿ. ಬಿಸಿ ಮುದ್ದೆ ಜಾರಿ ಬೀಳುತ್ತದೆ. ನಾನು ಮೊದಲು ಅದನ್ನೇ ಮಾಡಿ ಅಮ್ಮನ ಹತ್ತಿರ ಬೈಸಿಕೊಂಡೆ. ಬಿಳೀ ಚೆಂಡು ಇದ್ದರೂ ಆಗುತ್ತದೆ. ಆದರೆ ಚಂದ್ರನ ನಿಜವಾದ ಬಣ್ಣಕ್ಕೆ ಮುದ್ದೆಯೇ ಹತ್ತಿರ. ಚಂದ್ರನ ನೆಲ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 100ಕ್ಕೆ 12 ಪಾಲು ಮಾತ್ರ ವಾಪಸ್ ಕೊಡುತ್ತದೆ, ಹಳೇ ಡಾಂಬರು ರಸ್ತೆಯ ಹಾಗೆ. ಸುತ್ತ ಕಪ್ಪು ಆಕಾಶ ಇರುವುದರಿಂದ ಬೆಳ್ಳಿ ತಟ್ಟೆಯ ಹಾಗೆ ಕಾಣುತ್ತದೆ, ಅಷ್ಟೆ.

ಕೋಣೆ ಕತ್ತಲೆ ಮಾಡಿ, ಒಂದೇ ಒಂದು ಬಲ್ಬು ಉರಿಸಿ. ಬಲ್ಬು ನಿಮ್ಮ ಮುಖದ ಎತ್ತರದಲ್ಲಿರಲಿ. ಬಲ್ಬು ಸೂರ್ಯ, ಮುದ್ದೆ ಚಂದ್ರ, ನಿಮ್ಮ ತಲೆಯೇ ಭೂಮಿ.

ಬಲ್ಬಿನ ಕಡೆ ಮುಖ ಮಾಡಿ, ಕೈ ಚಾಚಿ ಮುದ್ದೆ ಹಿಡಿಯಿರಿ. ನಿಮ್ಮ ಕಡೆಯ ಮೈಯೆಲ್ಲ ಕತ್ತಲೆ. ಇದು ಅಮಾವಾಸ್ಯೆ. ಈಗ ಕೈ ಹಾಗೆಯೇ ಇರಲಿ, ನಿಂತಲ್ಲೇ ನಿಧಾನವಾಗಿ ಎಡಕ್ಕೆ ತಿರುಗಿ. ಮುದ್ದೆಯ ಬಲ ಅಂಚಿನಲ್ಲಿ ಸಣ್ಣ ಬೆಳಕಿನ ಗೆರೆ ಬರುತ್ತದೆ. ಬಿದಿಗೆ, ತದಿಗೆ. ಬಲ್ಬು ನಿಮ್ಮ ಬಲಗಿವಿಗೆ ನೇರ ಬಂದಾಗ ಮುದ್ದೆಯ ಬಲ ಅರ್ಧಕ್ಕೆ ಬೆಳಕು. ಅಷ್ಟಮಿ. ಇನ್ನೂ ತಿರುಗಿ ಬಲ್ಬಿಗೆ ಬೆನ್ನು ಮಾಡಿದರೆ ಇಡೀ ಮುದ್ದೆ ಬೆಳಗಬೇಕು.

ಬೆಳಗಲ್ಲ! ನಿಮ್ಮ ತಲೆಯ ನೆರಳು ಅದರ ಮೇಲೆ ಬಿದ್ದಿರುತ್ತದೆ. ಇದೇ ಚಂದ್ರಗ್ರಹಣ. 2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರ ಕೆಂಪಗಾಗಿದ್ದು ಹೀಗೆಯೇ. ಈಗ ಮುದ್ದೆಯನ್ನು ಸ್ವಲ್ಪ ಮೇಲೆತ್ತಿ. ನೆರಳು ತಪ್ಪಿತು, ಪೂರ್ತಿ ಬೆಳಕು ಬಂತು. ಹುಣ್ಣಿಮೆ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಹೀಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಅವನು ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ತಪ್ಪಿಸಿಕೊಂಡು ಹೋಗುತ್ತಾನೆ. ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ ಎಂದು ಮಕ್ಕಳು ಕೇಳಿದರೆ ಮುದ್ದೆಯನ್ನು ಮೇಲೆ ಕೆಳಗೆ ಆಡಿಸಿ ತೋರಿಸಿ, ಬೇರೆ ಮಾತು ಬೇಕಿಲ್ಲ.

ಎಡಕ್ಕೇ ತಿರುಗುತ್ತಾ ಹೋಗಿ. ಈಗ ಬೆಳಕು ಮುದ್ದೆಯ ಎಡಗಡೆ. ಕೃಷ್ಣಪಕ್ಷ. ಬಲ್ಬು ಎಡಗಿವಿಗೆ ನೇರ ಬಂದಾಗ ಮತ್ತೆ ಅರ್ಧ, ನಮ್ಮ ಪುಟ್ಟಿ ಮಹಡಿ ಮೇಲೆ ಕಂಡ ಚಂದ್ರ. ಬಲ್ಬಿಗೆ ಮುಖ ಮಾಡಿದಲ್ಲಿಗೆ ಒಂದು ಸುತ್ತು ಮುಗಿಯಿತು.

ಈ ಸುತ್ತಿನಲ್ಲಿ ಒಂದು ಗಮನಿಸಿದಿರಾ? ಮುದ್ದೆಯ ಅರ್ಧ ಭಾಗ ಯಾವಾಗಲೂ ಬೆಳಗಿಯೇ ಇತ್ತು. ಅಮಾವಾಸ್ಯೆಯಲ್ಲೂ. ಆ ಬೆಳಗಿದ ಅರ್ಧದಲ್ಲಿ ನಮ್ಮ ಕಣ್ಣಿಗೆ ಬೀಳುವ ಪಾಲು ಮಾತ್ರ ಹೆಚ್ಚು ಕಡಿಮೆಯಾಯಿತು. ಚಂದ್ರನ ಬೆಳಕು ಅವನದಲ್ಲ, ಗ್ರಹಣದಲ್ಲಿ ಅವನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಆರ್ಯಭಟ 499ರಲ್ಲೇ ಬರೆದಿಟ್ಟಿದ್ದಾನೆ. ಗ್ರಹಣಕ್ಕೆ ನೆರಳು, ಕಲೆಗೆ ಬೇರೆ ಲೆಕ್ಕ. ಎರಡನ್ನೂ ಕಲಸಿಕೊಂಡವರು ನನ್ನಂಥವರು.

ಅದೇ ಉಂಡೆಯನ್ನು ಬಿಸಿಲಿಗೆ ತನ್ನಿ

ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಇದು. ಹಗಲಲ್ಲಿ ಚಂದ್ರ ಕಾಣುವ ದಿನ ನೋಡಿಕೊಳ್ಳಿ. ಕೃಷ್ಣಪಕ್ಷದ ಸಪ್ತಮಿ, ಅಷ್ಟಮಿಯ ಬೆಳಿಗ್ಗೆ ಪಶ್ಚಿಮದಲ್ಲಿ ಸಿಗುತ್ತಾನೆ. ಶುಕ್ಲಪಕ್ಷದ ಅಷ್ಟಮಿ, ನವಮಿಯಂದು ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಪೂರ್ವದ ಕಡೆ. ಬಿಸಿಲಲ್ಲಿ ನಿಂತು, ಉಂಡೆಯನ್ನು ಕೈ ಚಾಚಿ ಸರಿಯಾಗಿ ಚಂದ್ರನ ಪಕ್ಕದಲ್ಲಿ ಕಾಣುವ ಹಾಗೆ ಹಿಡಿಯಿರಿ. ಒಂದು ಕಣ್ಣು ಮುಚ್ಚಿ. ಉಂಡೆಯ ಮೇಲೆ ಬಿಸಿಲು ಬಿದ್ದಿರುವ ಆಕಾರ, ಮೂರು ಲಕ್ಷ ಎಂಬತ್ತನಾಲ್ಕು ಸಾವಿರ ಕಿಲೋಮೀಟರ್ ಆಚೆ ಇರುವ ಚಂದ್ರನ ಆಕಾರ, ಎರಡೂ ಒಂದೇ. ಅದೇ ಓರೆ, ಅದೇ ಅಂಚು. ಅಕ್ಕನ ಮಗಳು ಉಂಡೆ ಬಿಟ್ಟು ಟೊಮೆಟೊ, ನಿಂಬೆಹಣ್ಣು, ಕೊನೆಗೆ ತನ್ನ ಮುಷ್ಟಿ ಎಲ್ಲ ಹಿಡಿದು ನೋಡಿದಳು. ಎಲ್ಲವೂ ಅರ್ಧ ಚಂದ್ರ.

ಒಂದು ಎಚ್ಚರಿಕೆ. ಸೂರ್ಯನ ಕಡೆ ನೇರ ನೋಡಬೇಡಿ. ಬೈನಾಕ್ಯುಲರ್ ಇದ್ದರೆ ಸೂರ್ಯ ಪೂರ್ತಿ ಮುಳುಗಿದ ಮೇಲಷ್ಟೇ ಕೈಗೆತ್ತಿಕೊಳ್ಳಿ.

ದಿನಕ್ಕೆ ಎರಡು ಗಳಿಗೆ

ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿ ನಮ್ಮ ತಾತ ರಾತ್ರಿ ಹೊತ್ತು ನೀರು ಕಟ್ಟಲು ಹೋಗುತ್ತಿದ್ದರು. ಈಗಿನ ಹಾಗೆ ಮೊಬೈಲಿನಿಂದ ಮೋಟರ್ ಹಾಕುವ ಕಾಲ ಅಲ್ಲ. ಲಾಟೀನು ಬೇಕೋ ಬೇಡವೋ ಎಂದು ಮನೆಯೊಳಗೇ ಕೂತು ಹೇಳುತ್ತಿದ್ದರು: "ಈವತ್ತು ಬಹುಳ ಪಂಚಮಿ, ಊಟ ಮಾಡಿ ಒಂದು ನಿದ್ದೆ ಆದಮೇಲೆ ಬರ್ತಾನೆ." ಕೇಳಿದರೆ ಅವರ ಉತ್ತರ ಒಂದೇ ಸಾಲು. "ದಿನಕ್ಕೆ ಎರಡು ಗಳಿಗೆ ಹಿಂದೆ ಬೀಳ್ತಾನೆ ಕಣೋ."

ಈ ಒಂದು ಸಾಲು ಗೊತ್ತಿದ್ದರೆ ಮುಕ್ಕಾಲು ಪಾಲು ಮುಗಿಯಿತು. ಗಳಿಗೆ ಅಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 30 ತಿಥಿ. ಅರವತ್ತನ್ನು ಮೂವತ್ತರಿಂದ ಭಾಗಿಸಿದರೆ ಎರಡು ಗಳಿಗೆ, ಅಂದರೆ 48 ನಿಮಿಷ. ಚಂದ್ರ ದಿನಾ ಸುಮಾರು ಇಷ್ಟು ತಡವಾಗಿ ಹುಟ್ಟುತ್ತಾನೆ, ಇಷ್ಟು ತಡವಾಗಿ ಮುಳುಗುತ್ತಾನೆ.

ಲೆಕ್ಕ ಹೀಗೆ. ಕ್ಯಾಲೆಂಡರಿನಲ್ಲಿ ತಿಥಿಯ ಸಂಖ್ಯೆ ನೋಡಿ. ಪಾಡ್ಯ ಒಂದು, ಬಿದಿಗೆ ಎರಡು, ತದಿಗೆ ಮೂರು, ಚೌತಿ ನಾಲ್ಕು, ಹೀಗೆ. ಅದನ್ನು 48ರಿಂದ ಗುಣಿಸಿ. ಶುಕ್ಲಪಕ್ಷವಾದರೆ, ಸೂರ್ಯ ಮುಳುಗಿ ಅಷ್ಟು ನಿಮಿಷಕ್ಕೆ ಚಂದ್ರ *ಮುಳುಗುತ್ತಾನೆ*. ಕೃಷ್ಣಪಕ್ಷವಾದರೆ, ಸೂರ್ಯ ಮುಳುಗಿ ಅಷ್ಟು ನಿಮಿಷಕ್ಕೆ *ಹುಟ್ಟುತ್ತಾನೆ*. ಕೆಲವು ಕ್ಯಾಲೆಂಡರುಗಳಲ್ಲಿ ಶುಕ್ಲಕ್ಕೆ ಶುದ್ಧ, ಕೃಷ್ಣಕ್ಕೆ ಬಹುಳ ಎಂದು ಹಾಕಿರುತ್ತಾರೆ. ಅದೇ ಇದು. ಅರ್ಧ ಗಂಟೆ, ಕೆಲವೊಮ್ಮೆ ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ. ತಾತನಿಗೂ ಆಗುತ್ತಿತ್ತು.

ಸಂಕಷ್ಟಿ ಉಪವಾಸ ಮಾಡುವವರ ಮನೆಯಲ್ಲಿ ಇದನ್ನು ಪರೀಕ್ಷೆ ಮಾಡಿ. ಸಂಕಷ್ಟಿ ಅಂದರೆ ಕೃಷ್ಣಪಕ್ಷದ ಚೌತಿ. ನಾಲ್ಕು ಗುಣಿಸು 48, ಅಂದರೆ 192 ನಿಮಿಷ, ಮೂರು ಗಂಟೆಗೆ ಸ್ವಲ್ಪ ಹೆಚ್ಚು. ಆರೂವರೆಗೆ ಸೂರ್ಯ ಮುಳುಗಿದರೆ ಒಂಬತ್ತೂವರೆ ಹೊತ್ತಿಗೆ ಚಂದ್ರ. ನಮ್ಮ ಅಮ್ಮ ಪ್ರತಿ ತಿಂಗಳೂ ಒಂಬತ್ತರ ಹೊತ್ತಿಗೆ ಮಹಡಿ ಹತ್ತಿ ಇಳಿದು ಹತ್ತಿ ಇಳಿದು ಮಾಡುವುದು ಯಾಕೆ ಎಂದು ಗೊತ್ತಾಯಿತು. ಗಣೇಶನ ಹಬ್ಬದ್ದು ಶುಕ್ಲಪಕ್ಷದ ಚೌತಿ. ಅಂದು ಲೆಕ್ಕ ತಿರುಗುಮುರುಗು. ಸಂಜೆಯೇ ಆಕಾಶದಲ್ಲಿದ್ದು, ಒಂಬತ್ತು ಗಂಟೆ ಹೊತ್ತಿಗೆ ಮುಳುಗುತ್ತಾನೆ. ನೋಡಿದರೆ ಅಪವಾದ ಬರುತ್ತದೆ ಎಂದು ಹೆದರುವವರು ಒಂಬತ್ತೂವರೆ ಮೇಲೆ ಧೈರ್ಯವಾಗಿ ಗಣಪತಿ ನೋಡಲು ಹೋಗಬಹುದು.

ಇನ್ನೊಂದು. ಕೃಷ್ಣ ಹುಟ್ಟಿದ್ದು ಅಷ್ಟಮಿಯ ನಡುರಾತ್ರಿ ಅಂತಾರಲ್ವಾ? ಕೃಷ್ಣಪಕ್ಷದ ಅಷ್ಟಮಿಯ ಚಂದ್ರ ಹುಟ್ಟುವುದೂ ಹೆಚ್ಚೂಕಡಿಮೆ ನಡುರಾತ್ರಿಗೇ. ಹಬ್ಬದ ದಿನ ಪೂಜೆ ಮುಗಿಸಿ ಹೊರಗೆ ಬಂದು ಪೂರ್ವಕ್ಕೆ ನೋಡಿ. ಮೋಡ ಇಲ್ಲದಿದ್ದರೆ ಅರ್ಧ ಚಂದ್ರ ಮೇಲೇಳುತ್ತಿರುತ್ತಾನೆ. ನಾನು ಇಷ್ಟು ವರ್ಷ ಚಕ್ಕುಲಿ ಕಡೆಗೇ ಗಮನ ಕೊಟ್ಟಿದ್ದೆ.

ಹುಣ್ಣಿಮೆಗೆ ಹದಿನೈದು ಗುಣಿಸು 48 ಅಂದರೆ 12 ಗಂಟೆ. ಸೂರ್ಯ ಮುಳುಗುವಾಗ ಹುಟ್ಟಿ, ಸೂರ್ಯ ಹುಟ್ಟುವಾಗ ಮುಳುಗುತ್ತಾನೆ. ರಾತ್ರಿ ಹತ್ತಕ್ಕೆ ಪೂರ್ವದಲ್ಲಿ ಪೂರ್ಣ ಚಂದ್ರ ಹುಟ್ಟಿದ ಎಂದು ಯಾರಾದರೂ ಕತೆ ಬರೆದಿದ್ದರೆ ಅವರು ಆಕಾಶ ನೋಡಿಲ್ಲ. ಬೆಟ್ಟದ ಹಿಂದೆ ದೊಡ್ಡ ಚಂದ್ರನ ಫೋಟೋ ಬೇಕೆನ್ನುವವರು ಹುಣ್ಣಿಮೆಗಿಂತ ಒಂದು ದಿನ ಮೊದಲು, ಚತುರ್ದಶಿಯ ಸಂಜೆ ಹೋಗಿ. ಚಂದ್ರ ಮೇಲೆ ಬಂದಾಗ ಇನ್ನೂ ಬಿಸಿಲಿರುತ್ತದೆ, ಬೆಟ್ಟವೂ ಚಂದ್ರನೂ ಒಟ್ಟಿಗೆ ಸಿಗುತ್ತಾರೆ. ದೇವರಾಯನದುರ್ಗವೋ ಮಧುಗಿರಿ ಏಕಶಿಲೆಯೋ ಹತ್ತಿರ ಇರುವ ತುಮಕೂರಿನವರ ಪುಣ್ಯ. ಅಂದಹಾಗೆ ಹುಟ್ಟುವಾಗ ದೊಡ್ಡದಾಗಿ ಕಾಣುವುದು ಕಣ್ಣಿನ ಮೋಸ. ಕೈ ಚಾಚಿ ಕಿರುಬೆರಳು ಅಡ್ಡ ಹಿಡಿಯಿರಿ. ಹುಟ್ಟುವಾಗಲೂ ಮುಚ್ಚುತ್ತದೆ, ನೆತ್ತಿಯ ಮೇಲೆ ಬಂದಾಗಲೂ ಮುಚ್ಚುತ್ತದೆ.

ಮುಷ್ಟಿಯಲ್ಲಿ ತಿಥಿ

ತಿಥಿ ಎಂದರೆ ತಾರೀಖಲ್ಲ, ದೂರದ ಅಳತೆ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಹೋದರೆ ಒಂದು ತಿಥಿ. ಸುತ್ತು 360 ಡಿಗ್ರಿ, ಅದಕ್ಕೆ 30 ತಿಥಿ. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಮಕ್ಕಳ ಮುಷ್ಟಿ ಚಿಕ್ಕದು, ಆದರೆ ಕೈಯೂ ಗಿಡ್ಡ, ಹಾಗಾಗಿ ಅವರಿಗೂ ಅದೇ ಲೆಕ್ಕ. ಶುಕ್ಲಪಕ್ಷದ ತದಿಗೆಯಂದು ಸೂರ್ಯ ಮುಳುಗಿದ ಕೂಡಲೇ, ಮುಳುಗಿದ ಜಾಗದಿಂದ ಚಂದ್ರನ ತನಕ ಮುಷ್ಟಿ ಮೇಲೆ ಮುಷ್ಟಿ ಇಡುತ್ತಾ ಹೋಗಿ. ಮೂರು, ಮೂರೂವರೆ ಬರುತ್ತದೆ. ಮಾರನೇ ದಿನ ಒಂದು ಮುಷ್ಟಿಗೆ ಸ್ವಲ್ಪ ಹೆಚ್ಚು ಸೇರಿರುತ್ತದೆ.

ಕ್ಯಾಲೆಂಡರಿನಲ್ಲಿ ಒಮ್ಮೊಮ್ಮೆ ಒಂದು ತಿಥಿ ಮಾಯವಾಗುತ್ತದೆ, ಒಮ್ಮೊಮ್ಮೆ ಎರಡು ದಿನ ಒಂದೇ ತಿಥಿ ಇರುತ್ತದೆ. ಪ್ರಿಂಟಿಂಗ್ ತಪ್ಪು ಎಂದುಕೊಂಡಿದ್ದೆ. ಅಲ್ಲ. ಚಂದ್ರನ ದಾರಿ ಸರಿಯಾದ ವೃತ್ತವಲ್ಲ, ಸ್ವಲ್ಪ ಅಂಡಾಕಾರ. ಹತ್ತಿರ ಬಂದಾಗ ಬೇಗ ಓಡುತ್ತಾನೆ, ದೂರ ಹೋದಾಗ ನಿಧಾನ. ಹಾಗಾಗಿ 12 ಡಿಗ್ರಿ ದಾಟಲು ಒಮ್ಮೆ 20 ಗಂಟೆಯೇ ಸಾಕು, ಇನ್ನೊಮ್ಮೆ 26 ಗಂಟೆ ಬೇಕು. ಸೂರ್ಯ ಹುಟ್ಟುವಾಗ ಯಾವ ತಿಥಿಯೋ ಅದನ್ನೇ ಆ ದಿನಕ್ಕೆ ಬರೆಯುವುದು ರೂಢಿ. ಎರಡು ಸೂರ್ಯೋದಯಗಳ ನಡುವೆ ಶುರುವಾಗಿ ಮುಗಿದುಹೋದ ತಿಥಿಗೆ ಜಾಗ ಸಿಗುವುದಿಲ್ಲ.

ಇಡೀ ಸುತ್ತಿಗೆ ಸರಾಸರಿ 29 ದಿನ 12 ಗಂಟೆ 44 ನಿಮಿಷ. ಹನ್ನೆರಡು ಸುತ್ತು ಮಾಡಿದರೆ 354 ದಿನ. ಸೂರ್ಯನ ವರ್ಷಕ್ಕೆ 11 ದಿನ ಕಡಿಮೆ. ಈ ಸಾಲ ಬೆಳೆದು ಒಂದು ತಿಂಗಳಾದಾಗ ಪಂಚಾಂಗದವರು ಅಧಿಕ ಮಾಸ ಸೇರಿಸಿ ತೀರಿಸುತ್ತಾರೆ. 2023ರಲ್ಲಿ ಎರಡು ಶ್ರಾವಣ ಬಂದಿದ್ದು ಅದಕ್ಕೇ. ರಂಜಾನ್ ಲೆಕ್ಕದಲ್ಲಿ ಈ ಸೇರಿಸುವಿಕೆ ಇಲ್ಲ. ಅದಕ್ಕೇ ಅದು ವರ್ಷ ವರ್ಷ ಹನ್ನೊಂದು ದಿನ ಮುಂಚೆ ಬರುತ್ತಾ ಎಲ್ಲ ಕಾಲಗಳನ್ನೂ ಸುತ್ತುತ್ತದೆ.

ನಮ್ಮೂರ ಚಂದ್ರ ದೋಣಿ

ಬೆಳಕಿನ ಕಡೆ ಯಾವಾಗಲೂ ಸೂರ್ಯನ ಕಡೆ. ಇದೊಂದು ಮರೆಯಬೇಡಿ. ಚಂದ್ರನ ಹೊಟ್ಟೆ ಯಾವ ದಿಕ್ಕಿಗೆ ಉಬ್ಬಿದೆಯೋ ಸೂರ್ಯ ಆ ದಿಕ್ಕಿನಲ್ಲಿ, ಮುಳುಗಿದ್ದರೂ ಸರಿ.

ಇಂಗ್ಲಿಷ್ ಪುಸ್ತಕಗಳಲ್ಲಿ, ಚಂದ್ರ 'ಡಿ' ಅಕ್ಷರದ ಹಾಗಿದ್ದರೆ ಬೆಳೆಯುತ್ತಿದ್ದಾನೆ, 'ಸಿ' ಹಾಗಿದ್ದರೆ ಕರಗುತ್ತಿದ್ದಾನೆ ಎಂದು ಹೇಳಿಕೊಡುತ್ತಾರೆ. ಅದು ಯೂರೋಪಿನವರಿಗೆ ಸರಿ. ಕೋಲಾರ ಇರುವುದು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕೆ ಮಾತ್ರ. ಇಲ್ಲಿ ಸೂರ್ಯ ಚಂದ್ರ ಇಬ್ಬರೂ ಹೆಚ್ಚು ಓರೆಯಾಗದೆ ನೆಟ್ಟಗೆ ಇಳಿಯುತ್ತಾರೆ. ಯುಗಾದಿ ಆಸುಪಾಸಿನ ಬಿದಿಗೆ ಚಂದ್ರನನ್ನು ನೋಡಿ. 'ಡಿ'ಯೂ ಅಲ್ಲ, 'ಸಿ'ಯೂ ಅಲ್ಲ. ಎರಡೂ ಕೊಂಬು ಮೇಲೆ, ಹೊಟ್ಟೆ ಕೆಳಗೆ. ದೋಣಿ. ಅದೇ ಸೆಪ್ಟೆಂಬರಿನಲ್ಲಿ ನೋಡಿದರೆ ದೋಣಿ ಎಡಕ್ಕೆ ವಾಲಿರುತ್ತದೆ, ಯಾಕೆಂದರೆ ಆಗ ಚಂದ್ರ ಇರುವುದು ಸೂರ್ಯ ಮುಳುಗಿದ ಜಾಗಕ್ಕೆ ನೇರ ಮೇಲಲ್ಲ, ಎಡಗಡೆ ದಕ್ಷಿಣಕ್ಕೆ ಸರಿದು.

ಯುಗಾದಿಯ ಮಾರನೇ ಸಂಜೆ ನಮ್ಮ ಹಳ್ಳಿಯಲ್ಲಿ ಎಲ್ಲರೂ ಬೀದಿಗೆ ಬಂದು ಚಂದ್ರನನ್ನು ಹುಡುಕುತ್ತಾರೆ. ಕಂಡ ಮೇಲೆ ದೊಡ್ಡವರ ಕಾಲಿಗೆ ನಮಸ್ಕಾರ. ಕೊಂಬು ಯಾವ ಕಡೆ ವಾಲಿದೆ ಎಂದು ನೋಡಿ ಮಳೆ ಬೆಳೆ ಹೇಳುವವರೂ ಇದ್ದಾರೆ. ವಾಲುವುದು ಆ ವರ್ಷ ಯುಗಾದಿ ಮಾರ್ಚಿನಲ್ಲಿ ಬಂತೋ ಏಪ್ರಿಲಿನಲ್ಲಿ ಬಂತೋ, ಚಂದ್ರ ತನ್ನ 5 ಡಿಗ್ರಿ ಓರೆಯಲ್ಲಿ ಯಾವ ಕಡೆ ಇದ್ದಾನೋ ಅದರ ಮೇಲೆ. ಮಳೆಗೂ ಅದಕ್ಕೂ ಸಂಬಂಧ ಇಲ್ಲ ಎಂದು ನಾನು ಹೇಳಿದೆ. "ನಿನ್ನ ಮೊಬೈಲ್ ಮಳೆ ಹೇಳಿದ್ದು ಯಾವತ್ತು ಸರಿ ಬಂದಿದೆ?" ಎಂದು ಪಕ್ಕದ ಮನೆ ಅಜ್ಜಿ ಕೇಳಿದರು. ಸುಮ್ನಾದೆ.

ಆ ಸಂಜೆ ಇನ್ನೊಂದು ನೋಡಬೇಕು. ಬೆಳಕಿನ ಗೆರೆಯ ಒಳಗೆ ಉಳಿದ ಚಂದ್ರನೂ ಮಸುಕಾಗಿ, ಬೂದಿ ಬಣ್ಣದಲ್ಲಿ, ದುಂಡಗೆ ಕಾಣುತ್ತಾನೆ. ಅಲ್ಲಿಗೆ ಬಿಸಿಲು ಬಿದ್ದಿಲ್ಲ. ಬಿದ್ದಿರುವುದು ನಮ್ಮ ಬೆಳಕು. ಎದುರುಮನೆಯ ಸುಣ್ಣ ಹೊಡೆದ ಗೋಡೆಗೆ ಬಿಸಿಲು ಬಿದ್ದರೆ ನಮ್ಮ ಪಡಸಾಲೆಯೊಳಗೂ ಬೆಳಕಾಗುತ್ತದಲ್ಲ, ಹಾಗೆ. ಭೂಮಿಯ ಮೋಡಕ್ಕೆ, ನೆಲಕ್ಕೆ, ಸಮುದ್ರಕ್ಕೆ ಬಿದ್ದ ಬಿಸಿಲು ಪುಟಿದು ಚಂದ್ರನ ರಾತ್ರಿಗೆ ಬೆಳದಿಂಗಳಾಗಿದೆ. ಚಂದ್ರನಲ್ಲಿ ನಿಂತವನಿಗೆ ಆಗ ಹೆಚ್ಚೂಕಡಿಮೆ ಹುಣ್ಣಿಮೆಯಂಥ ಭೂಮಿ ಕಾಣುತ್ತಿರುತ್ತದೆ. ಪಂಚಮಿ, ಷಷ್ಠಿ ದಾಟಿದರೆ ಈ ಬೂದಿ ಬೆಳಕು ಸಿಗುವುದು ಕಷ್ಟ.

ರಂಜಾನ್ ಚಂದ್ರನಿಗೂ ಇದೇ ಪಶ್ಚಿಮದ ಅಂಚು. ಅಮಾವಾಸ್ಯೆ ಮುಗಿದ ಗಳಿಗೆಯಲ್ಲೇ ಚಂದ್ರ ಕಾಣುವುದಿಲ್ಲ. ಸೂರ್ಯನ ಹೊಳಪಿನಿಂದ ಒಂದು ಮುಷ್ಟಿಯಷ್ಟಾದರೂ ಬಿಡಿಸಿಕೊಳ್ಳಬೇಕು. ಒಂದು ಊರಲ್ಲಿ ಕಂಡು ಇನ್ನೊಂದು ಊರಲ್ಲಿ ಕಾಣದೆ ಹಬ್ಬ ಒಂದು ದಿನ ಹಿಂದೆ ಮುಂದೆ ಆಗುವುದು ಇದರಿಂದಲೇ. ಹುಡುಕುವವರು ಸೂರ್ಯ ಮುಳುಗಿ ಇಪ್ಪತ್ತು ಮೂವತ್ತು ನಿಮಿಷದ ಹೊತ್ತಿನಲ್ಲಿ ನೋಡಿ. ಅದಕ್ಕಿಂತ ಮುಂಚೆ ಆಕಾಶ ಹೊಳೆಯುತ್ತಿರುತ್ತದೆ, ತಡ ಮಾಡಿದರೆ ಚಂದ್ರನೇ ಮುಳುಗಿರುತ್ತಾನೆ.

ಅರ್ಧ ಚಂದ್ರನೇ ನೋಡಲು ಚೆಂದ

ಅರ್ಧ ಚಂದ್ರ ಅಂದರೆ ಹುಣ್ಣಿಮೆಯ ಅರ್ಧ ಬೆಳಕು ಎಂದು ಅನಿಸುತ್ತದೆ. ಹುಣ್ಣಿಮೆ ಅದಕ್ಕಿಂತ ಸುಮಾರು 10 ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಕಾರಣ ನೆರಳು, ಆದರೆ ಭೂಮಿಯದ್ದಲ್ಲ. ಅರ್ಧ ಚಂದ್ರನ ಮೇಲೆ ಬಿಸಿಲು ಓರೆಯಾಗಿ ಬಿದ್ದು, ಅಲ್ಲಿನ ಗುಡ್ಡ, ಕುಳಿ, ಕಲ್ಲು, ಕಣ ಎಲ್ಲದರ ನೆರಳೂ ಉದ್ದಕ್ಕೆ ಚಾಚಿರುತ್ತದೆ. ಹುಣ್ಣಿಮೆಯಲ್ಲಿ ಅದು ನಡುಮಧ್ಯಾಹ್ನದ ಬಿಸಿಲು, ನೆರಳೇ ಇಲ್ಲ. ಬೆಳಕು ಜಾಸ್ತಿ, ನೋಡಲು ಏನೂ ಇಲ್ಲ. ಬೈನಾಕ್ಯುಲರ್ ಇದ್ದರೆ ಸಪ್ತಮಿ, ಅಷ್ಟಮಿಯ ಸಂಜೆ ಬೆಳಕು ಕತ್ತಲು ಕೂಡುವ ಗೆರೆಯ ಉದ್ದಕ್ಕೂ ನೋಡಿ. ಕುಳಿಗಳು ರಾಗಿ ರೊಟ್ಟಿ ಮೇಲಿನ ಬೆರಳಚ್ಚಿನ ಹಾಗೆ ಎದ್ದು ಕಾಣುತ್ತವೆ.

ಆ ಗೆರೆಯ ಮೇಲೆ ನಿಂತವರಿಗೆ ಆಗ ಸೂರ್ಯೋದಯ. ಚಂದ್ರಯಾನ–3 ಇಳಿದದ್ದು 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ. ಹಳೇ ಕ್ಯಾಲೆಂಡರ್ ತೆಗೆದು ನೋಡಿದೆ. ಆ ವರ್ಷದ ಎರಡನೇ ಶ್ರಾವಣದ, ಅಂದರೆ ನಿಜ ಶ್ರಾವಣದ, ಶುಕ್ಲ ಸಪ್ತಮಿ. ನಾವೆಲ್ಲ ಟಿವಿ ಮುಂದೆ ಉಸಿರು ಹಿಡಿದು ಕೂತಿದ್ದಾಗ ಚಂದ್ರ ಹೊರಗೆ ದಕ್ಷಿಣದ ಆಕಾಶದಲ್ಲಿ, ಅರ್ಧಕ್ಕೆ ಸ್ವಲ್ಪ ಕಡಿಮೆಯಾಗಿ ಇದ್ದ. ಚಂದ್ರಯಾನದ ಲ್ಯಾಂಡರ್ ವಿಕ್ರಮ್ ಇಳಿದ ಜಾಗದಲ್ಲಿ ಆಗಷ್ಟೇ ಬೆಳಗಾಗಿತ್ತು. ಚಂದ್ರನ ಒಂದು ಹಗಲು ನಮ್ಮ ಸುಮಾರು 14 ದಿನ. ಸೋಲಾರ್ ಪ್ಯಾನೆಲ್ ನಂಬಿಕೊಂಡ ಯಂತ್ರಕ್ಕೆ ಇಡೀ ಹಗಲು ಸಿಗಲಿ ಎಂದು ಬೆಳಗಿನ ಹೊತ್ತನ್ನೇ ಆರಿಸಿಕೊಂಡಿದ್ದರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೃಷ್ಣಪಕ್ಷ ಮುಂದುವರಿದು ಅಲ್ಲಿ ಕತ್ತಲು ಬರುವ ಮುಂಚೆ ವಿಕ್ರಮ್, ಅದರೊಳಗಿಂದ ಇಳಿದ ಪುಟ್ಟ ಗಾಡಿ ಪ್ರಜ್ಞಾನ್, ಎರಡನ್ನೂ ಮಲಗಿಸಿದರು.

ನೋಟ್‌ಬುಕ್ ಇಡುವ ಬಗೆ

ಶುಕ್ಲಪಕ್ಷದ ಬಿದಿಗೆ ಅಥವಾ ತದಿಗೆಯಿಂದ ಶುರು ಮಾಡಿ. ಅಮಾವಾಸ್ಯೆಯಿಂದಲೇ ಶುರು ಮಾಡಿದರೆ ಮೊದಲ ದಿನವೇ ಮಕ್ಕಳಿಗೆ ಬೇಜಾರು. ಒಂದು ಬಾಟಲಿ ಮುಚ್ಚಳ ಇಟ್ಟು ದುಂಡಗೆ ಮೂವತ್ತು ವೃತ್ತ ಬರೆದಿಟ್ಟುಕೊಳ್ಳಿ. ದಿನಾ ಸಂಜೆ ಏಳಕ್ಕೆ, ಅದೇ ಜಾಗದಲ್ಲಿ ನಿಂತು, ಕತ್ತಲೆ ಭಾಗವನ್ನು ಪೆನ್ಸಿಲ್ಲಿನಲ್ಲಿ ತುಂಬಿ. ಪಕ್ಕದಲ್ಲಿ ಮೂರೇ ಮಾತು: ತಿಥಿ, ದಿಕ್ಕು, ಎಷ್ಟು ಮುಷ್ಟಿ ಎತ್ತರ. ಬಿದಿಗೆಯಂದು ಪಶ್ಚಿಮದಲ್ಲಿ ಇದ್ದವನು ಅಷ್ಟಮಿಗೆ ನೆತ್ತಿಯ ಹತ್ತಿರ, ಹುಣ್ಣಿಮೆಗೆ ಪೂರ್ವದ ಅಂಚಿಗೆ ಬಂದಿರುತ್ತಾನೆ. ರಾತ್ರಿಯಲ್ಲಿ ಚಂದ್ರ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತಾನೆ, ದಿನದಿಂದ ದಿನಕ್ಕೆ ಮಾತ್ರ ಪಶ್ಚಿಮದಿಂದ ಪೂರ್ವಕ್ಕೆ. ಇದು ಕಾಗದದ ಮೇಲೆ ಬರೆದಾಗಲೇ ತಲೆಗೆ ಹೋಗುವುದು.

ಹುಣ್ಣಿಮೆ ಆದ ಎರಡು ದಿನಕ್ಕೆ ಸಂಜೆ ಏಳರ ಚಂದ್ರ ಕೈತಪ್ಪುತ್ತಾನೆ. ಆಗ ಬೆಳಿಗ್ಗೆ ಆರಕ್ಕೆ ಬದಲಾಯಿಸಿ. ಹಾಲು ತರಲು ಹೋಗುವ ಹೊತ್ತು ಸರಿಹೋಗುತ್ತದೆ. ಈಗ ಪಶ್ಚಿಮದಿಂದ ದಿನಾ ಒಂದು ಮುಷ್ಟಿಯಂತೆ ಮೇಲೇರಿ, ನೆತ್ತಿ ದಾಟಿ, ಪೂರ್ವಕ್ಕೆ ಇಳಿದು, ದ್ವಾದಶಿ ತ್ರಯೋದಶಿಗೆ ಹುಟ್ಟಲಿರುವ ಸೂರ್ಯನ ಮೇಲೆ ಸಣ್ಣ ಗೆರೆಯಾಗಿ ಸಿಗುತ್ತಾನೆ. ಸಂಜೆಯ ಬಿದಿಗೆ ಚಂದ್ರನನ್ನು ಎಲ್ಲರೂ ನೋಡಿರುತ್ತಾರೆ, ಮುಂಜಾನೆಯ ಈ ಚಂದ್ರನನ್ನು ನೋಡಿದವರು ಕಡಿಮೆ. ಮೋಡ ಇದ್ದ ದಿನ ವೃತ್ತದೊಳಗೆ 'ಮೋಡ' ಎಂದು ಬರೆಯಿರಿ. ಊಹೆಯಿಂದ ತುಂಬಬೇಡಿ.

ಅಕ್ಕನ ಮಗಳು ಈಗ ತನ್ನೂರಿಂದ ಫೋನ್ ಮಾಡಿ ಲೆಕ್ಕ ಒಪ್ಪಿಸುತ್ತಾಳೆ. ಮೊನ್ನೆ: "ಮಾಮ, ಈವತ್ತು ಶುಕ್ಲ ಷಷ್ಠಿ. ಆರು ಗುಣಿಸು ನಲವತ್ತೆಂಟು. ಹನ್ನೊಂದೂಕಾಲಿಗೆ ಮುಳುಗ್ತಾನೆ, ನೋಡಿ ಹೇಳು." ಎದ್ದಿದ್ದು ನೋಡಿದೆ. ಹನ್ನೊಂದಕ್ಕೂ ಮುಂಚೆಯೇ ಚಂದ್ರ ಇಲ್ಲ. ಫೋನಿನಲ್ಲಿ ಅವಳು ಒಂದು ಗಳಿಗೆ ಸುಮ್ಮನಿದ್ದು ಕೇಳಿದಳು, "ಆ ಬೆಟ್ಟ ಎಷ್ಟು ಮುಷ್ಟಿ ಇದೆ ಮಾಮ?" ಅಳೆದೆ. ಅರ್ಧ ಮುಷ್ಟಿ. ಒಂದು ಮುಷ್ಟಿ ಇಳಿಯಲು ಚಂದ್ರನಿಗೆ 40 ನಿಮಿಷ ಬೇಕು. ಹಾಗಾಗಿ ಅಂತರಗಂಗೆ ಬೆಟ್ಟದ ಈಚೆ ಇರುವವರು ಲೆಕ್ಕದಲ್ಲಿ 20 ನಿಮಿಷ ಕಳೆದುಕೊಳ್ಳಿ.